ತುಂಬಿದ ಪ್ಲಾಟ್‌ಫಾರ್ಮಿನಲ್ಲಿ ನೆರವು ತಡವಾಗುವುದೇಕೆ?

ಮುಂಬೈನ ದಾದರ್ ನಿಲ್ದಾಣದ ಗದ್ದಲದಲ್ಲಿ ಒಬ್ಬರು ಕುಸಿದು ಬಿದ್ದರೆ, ನೋಡಿದ ಪ್ರತಿಯೊಬ್ಬರಿಗೂ ‘ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ’ ಎನಿಸಬಹುದು. ಜನ ಹೆಚ್ಚಿದಷ್ಟೂ ಹೊಣೆ ಹಂಚಿಹೋಗುವ ಇದನ್ನು ಸಾಮಾಜಿಕ ಮನೋವಿಜ್ಞಾನದಲ್ಲಿ ‘ಬೈಸ್ಟ್ಯಾಂಡರ್ ಎಫೆಕ್ಟ್’ ಎನ್ನುತ್ತಾರೆ.

ಇದನ್ನು ಪರೀಕ್ಷಿಸಿದ್ದು ಹೇಗೆ? ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬರಿಗೆ ಫಿಟ್ಸ್ ಬಂದಂತಹ ಧ್ವನಿಯನ್ನು ವಿದ್ಯಾರ್ಥಿಗಳಿಗೆ ಇಂಟರ್‌ಕಾಮ್‌ನಲ್ಲಿ ಕೇಳಿಸಿದರು. ಬದಲಿಸಿದ ಮುಖ್ಯ ಅಂಶ: ಇನ್ನೆಷ್ಟು ಜನ ಅದನ್ನು ಕೇಳುತ್ತಿದ್ದಾರೆ ಎಂಬ ನಂಬಿಕೆ. ಕೇಳುತ್ತಿರುವುದು ತಾವೊಬ್ಬರೇ ಎಂದುಕೊಂಡವರಲ್ಲಿ ಶೇ. 85 ಮಂದಿ ಧ್ವನಿ ನಿಲ್ಲುವ ಮೊದಲೇ ನೆರವು ಕೋರಿದರು. ಇನ್ನೂ ನಾಲ್ವರಿದ್ದಾರೆ ಎಂದುಕೊಂಡವರಲ್ಲಿ ಶೇ. 31 ಮಾತ್ರ.

ಆದ್ದರಿಂದ ಇಡೀ ಗುಂಪಿಗೆ ಕೂಗಬೇಡಿ. ಒಬ್ಬರತ್ತ ಕೈತೋರಿಸಿ, ‘ನೀಲಿ ಅಂಗಿಯವರೇ, 108ಕ್ಕೆ ಕರೆ ಮಾಡಿ’ ಎನ್ನಿ. ಇನ್ನೊಬ್ಬರನ್ನು ಸ್ಟೇಷನ್ ಮಾಸ್ತರರ ಬಳಿ ಕಳುಹಿಸಿ. ಹೊಣೆ ಯಾರದೆಂದು ತಿಳಿದಾಗ ಜನ ಮುಂದೆ ಬರುತ್ತಾರೆ.