ಛಾಪಾ ಕಾಗದದ ಮೇಲೆ ನಿಂತ ಊರು

ಬೀದರ್ ಅಥವಾ ಕಲಬುರಗಿಯಿಂದ ಹೈದರಾಬಾದಿಗೆ ಹೊರಟ ಬಸ್ಸು ಜಹೀರಾಬಾದ್, ಪಟಾನ್‌ಚೆರು ದಾಟಿದ ಮೇಲೆ, ಇನ್ನು ನಗರ ಬಂತು ಎಂದು ಜನ ಎದ್ದು ಚೀಲ ಇಳಿಸಿಕೊಳ್ಳುವುದು ಮಿಯಾಪುರದ ಹತ್ತಿರ. ಮೆಟ್ರೋ ಹತ್ತಬೇಕಾದವರು ಅಲ್ಲೇ ಇಳಿಯುತ್ತಾರೆ. ಸುತ್ತ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟ್. ಒಂದೊಂದು ಫ್ಲ್ಯಾಟಿನ ಹಿಂದೆಯೂ ಒಂದು ನೋಂದಾಯಿತ ಪತ್ರ, ಒಂದೊಂದು ಪತ್ರದ ಹಿಂದೆಯೂ ಒಂದಿಷ್ಟು ಮುದ್ರಾಂಕ ಶುಲ್ಕ. ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಮನೆಯ ಮುಂದಿನ ಚರಂಡಿಗೆ ಎಷ್ಟು ಬರುತ್ತದೆ ಎಂದು ಕೇಳಿದರೆ ನೂರು ವರ್ಷಕ್ಕೂ ಹಿಂದಿನ ಕಥೆ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಅರ್ಧ ಕಥೆ ಕಲ್ಯಾಣ ಕರ್ನಾಟಕದ್ದೂ ಹೌದು.

ಕಾಗದಕ್ಕೆ ಹಾಕಿದ ಸುಂಕ

ದಸ್ತಾವೇಜಿಗೆ ಮುದ್ರೆ ಹಾಕಿ ಸುಂಕ ಎತ್ತುವ ಉಪಾಯ ಹುಟ್ಟಿದ್ದು 1624ರಲ್ಲಿ, ಹಾಲೆಂಡಿನಲ್ಲಿ. ಇಂಗ್ಲೆಂಡ್ ಅದನ್ನು 1694ರಲ್ಲಿ ಎತ್ತಿಕೊಂಡಿತು. ಆಗ ಅದಕ್ಕೆ ಫ್ರಾನ್ಸಿನ ಮೇಲಿನ ಯುದ್ಧಕ್ಕೆ ದುಡ್ಡು ಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿ ಬಂಗಾಳಕ್ಕೆ ತಂದಿತು. ಒಂದು ಶತಮಾನ ಕಳೆದ ಮೇಲೆ ಬ್ರಿಟಿಷ್ ಭಾರತಕ್ಕೆಲ್ಲ ಒಂದೇ ಎಂಬಂತೆ 1899ರ ಮುದ್ರಾಂಕ ಕಾಯ್ದೆ ಬಂತು. ತಿದ್ದುಪಡಿಗಳ ಮೇಲೆ ತಿದ್ದುಪಡಿ ಹೊತ್ತು ಅದು ಇವತ್ತಿಗೂ ಚಾಲ್ತಿಯಲ್ಲಿದೆ.

ಈ ಸುಂಕದ ಸ್ವಭಾವ ವಿಚಿತ್ರ. ಇದು ಆಸ್ತಿಯ ಮೇಲಿನ ತೆರಿಗೆಯಲ್ಲ, ಮಾರಾಟದ ಮೇಲಿನದೂ ಅಲ್ಲ. ಕಾನೂನಿನ ಕಣ್ಣಲ್ಲಿ ಇದು ಪತ್ರದ ಮೇಲಿನ ಸುಂಕ. ಸರಿಯಾದ ಮುದ್ರಾಂಕವಿಲ್ಲದ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಮನೆ ಮನೆಗೆ ಹೋಗಿ ಕಂದಾಯ ಕೇಳುವ ಗೋಜು ಸರ್ಕಾರಕ್ಕಿಲ್ಲ. ನಾಳೆ ವ್ಯಾಜ್ಯ ಬಂದರೆ ಎಂಬ ಅಂಜಿಕೆಯಿಂದ ಜನ ತಾವಾಗಿಯೇ ಬಂದು ಕಟ್ಟುತ್ತಾರೆ. ಕನ್ನಡದಲ್ಲಿ ಅದನ್ನು ಛಾಪಾ ಕಾಗದ ಎಂದು ಕರೆದ ಜನ ವಿಷಯವನ್ನು ಸರಿಯಾಗಿಯೇ ಹಿಡಿದಿದ್ದರು. ಬೆಲೆ ಇರುವುದು ಛಾಪಿಗೆ.

ನಿಜಾಮರ ರಾಜ್ಯ ಬ್ರಿಟಿಷ್ ಭಾರತದ ಹೊರಗಿದ್ದುದರಿಂದ ಅಲ್ಲಿ ಬೇರೆಯೇ ಕಾಯ್ದೆ ಇತ್ತು: ಫಸಲಿ 1331ರ, ಅಂದರೆ 1921-22ರ ಹೊತ್ತಿನ ಹೈದರಾಬಾದ್ ಮುದ್ರಾಂಕ ಕಾಯ್ದೆ. ಬೀದರ್, ಕಲಬುರಗಿ, ರಾಯಚೂರಿನಲ್ಲಿ ಹೊಲ ಕೊಂಡವನಿಗೂ ಮಿಯಾಪುರದ ಕಡೆ ಹೊಲ ಕೊಂಡವನಿಗೂ ಕಾನೂನು ಒಂದೇ, ಕಚೇರಿಯ ಉರ್ದೂ ಒಂದೇ. 1956ರಲ್ಲಿ ರಾಜ್ಯ ಒಡೆದು ಮೂರು ಪಾಲಾಯಿತು. ಕನ್ನಡ ಜಿಲ್ಲೆಗಳಿಗೆ ಮೈಸೂರು ರಾಜ್ಯದ 1957ರ ಮುದ್ರಾಂಕ ಕಾಯ್ದೆ ಬಂತು. ತೆಲಂಗಾಣ ಭಾಗಕ್ಕೆ ಆಂಧ್ರಪ್ರದೇಶ ಸರ್ಕಾರ 1959ರಲ್ಲಿ 1899ರ ಕಾಯ್ದೆಯನ್ನೇ ವಿಸ್ತರಿಸಿತು. ಕಾಯ್ದೆ ಬೇರೆಯಾದರೂ ಮಾತು ಬೇರೆಯಾಗಲಿಲ್ಲ. ಖರೀದಿ, ದಸ್ತಾವೇಜು, ಜಮಾಬಂದಿ, ಪಹಣಿ ಇಂದಿಗೂ ಎರಡೂ ಕಡೆಯ ಕಚೇರಿಗಳಲ್ಲಿ ಓಡಾಡುತ್ತವೆ. ಪಹಣಿ ಎಂಬುದು ಮರಾಠಿಯ ನೋಡುವಿಕೆಯಿಂದ ಬಂದ ಮಾತು: ಯಾರೋ ಹೊಲಕ್ಕೆ ಹೋಗಿ, ಕಣ್ಣಾರೆ ನೋಡಿ ಬರೆದದ್ದು. ಛಾಪಾ ಕಾಗದಕ್ಕೆ ಆ ಹಂಗಿಲ್ಲ. ಹೊಲ ನೋಡದೆಯೂ ಅದನ್ನು ಬರೆಯಬಹುದು.

ಊರಿನ ಪಾಲು

ಮಾರಾಟದ ಸುಂಕಕ್ಕೂ ನಗರದ ಸೌಕರ್ಯಕ್ಕೂ ನೇರ ಗಂಟು ಬಿದ್ದದ್ದಕ್ಕೆ ಒಳ್ಳೆಯ ಉದಾಹರಣೆ ಕಲ್ಕತ್ತ. 1911ರ ಕಲ್ಕತ್ತ ಸುಧಾರಣಾ ಕಾಯ್ದೆ ನಗರದ ಆಸ್ತಿ ಮಾರಾಟ, ದಾನಪತ್ರಗಳ ಮೇಲೆ ಹೆಚ್ಚುವರಿಯಾಗಿ ನೂರಕ್ಕೆ 2 ರೂಪಾಯಿ ಹಾಕಿ, ಅದನ್ನು ಬೀದಿ ಅಗಲಿಸುವ, ಬಡಾವಣೆ ಮಾಡುವ ಟ್ರಸ್ಟಿಗೆ ಕೊಟ್ಟಿತು. ಹಿಂದಿನ ತರ್ಕ ಸರಳ: ರಸ್ತೆ ಬಂದರೆ ಜಾಗದ ಬೆಲೆ ಏರುತ್ತದೆ, ಬೆಲೆ ಏರಿದ ಜಾಗ ಕೈ ಬದಲಿಸುವಾಗ ರಸ್ತೆಯ ಪಾಲನ್ನು ರಸ್ತೆಗೆ ಕೊಡಲಿ.

ಹೈದರಾಬಾದಿನಲ್ಲಿ ನಡೆದದ್ದು ಬೇರೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿಕೊಂಡು ಹೋದ ಮೇಲೆ, 1909ರಲ್ಲಿ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡರು. ಪ್ರವಾಹ ತಡೆಗೆ ಮೇಲ್ಭಾಗದಲ್ಲಿ ಕೆರೆಗಳು, ಊರಿಗೆ ಒಳಚರಂಡಿ ಬೇಕೆಂದು ಅವರು ಯೋಜನೆ ಹಾಕಿದರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಇವು ರಾಜ್ಯದ ಖಜಾನೆಯಿಂದ ಆದ ಕೆಲಸಗಳು. ಮಿಯಾಪುರದಂಥ ಹಳ್ಳಿಗಳು ಆ ನಕ್ಷೆಯ ಹೊರಗಿದ್ದವು. ಸುತ್ತಲಿನ ಬಹಳಷ್ಟು ಭೂಮಿ ಪಾಯಿಗಾ ಮನೆತನದ ಜಾಗೀರು. ಪಾಯಿಗಾಗಳು ಅಂತಸ್ತಿನಲ್ಲಿ ನಿಜಾಮರ ನಂತರದವರು. ತಮ್ಮ ಜಾಗೀರಿನಲ್ಲಿ ಕಂದಾಯವಷ್ಟೇ ಅಲ್ಲ, ಪೊಲೀಸು, ಕೋರ್ಟನ್ನೂ ತಾವೇ ಇಟ್ಟುಕೊಂಡಿದ್ದವರು. 1949ರ ಆಗಸ್ಟ್ 15ರಂದು ಜಾಗೀರುಗಳು ರದ್ದಾದವು, ಭೂಮಿ ಸರ್ಕಾರದ್ದಾಯಿತು. ಆದರೆ ಯಾವುದು ಜಾಗೀರು, ಯಾವುದು ಸ್ವಂತ ಆಸ್ತಿ ಎಂಬ ತಕರಾರು ಮುಗಿಯಲಿಲ್ಲ. ಖುರ್ಷಿದ್ ಜಾ ಪಾಯಿಗಾದ ವಾರಸುದಾರರ ಪಾಲಿನ ದಾವೆ 1950ರ ದಶಕದಲ್ಲಿ ಹೂಡಿದ್ದು. ಪ್ರಾಥಮಿಕ ಡಿಕ್ರಿ ಬಂದದ್ದು 1963ರ ಜೂನ್ 28ರಂದು. ಅದೇ ದಾವೆಯ ಎಳೆ ಹಿಡಿದು, ಮಿಯಾಪುರಕ್ಕೆ ಅಂಟಿಕೊಂಡ ಹೈದರ್‌ನಗರದ ಜಮೀನಿನ ಜಗಳ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗುವ ಹೊತ್ತಿಗೆ 2023 ಆಗಿತ್ತು.

ಈ ನಡುವೆ ಹಳ್ಳಿ ನಗರವಾಯಿತು. 1965ರಲ್ಲಿ ಮಂಜೀರಾ ನದಿಯ ನೀರು ಹೈದರಾಬಾದಿಗೆ ಹರಿಯತೊಡಗಿತು. ಬೀದರ್ ಜಿಲ್ಲೆಯನ್ನು ಹಾದು ಬರುವ ಅದೇ ಮಂಜೀರಾ. ಪಶ್ಚಿಮಕ್ಕೆ ಕಾರ್ಖಾನೆಗಳು, ಆಮೇಲೆ ಐಟಿ ಕಂಪನಿಗಳು ಬಂದವು. ಶೇರಿಲಿಂಗಂಪಲ್ಲಿ ಪುರಸಭೆಯಲ್ಲಿದ್ದ ಮಿಯಾಪುರ, 2007ರ ಏಪ್ರಿಲಿನಲ್ಲಿ 12 ಪುರಸಭೆ, 8 ಗ್ರಾಮ ಪಂಚಾಯಿತಿಗಳನ್ನು ಹಳೆಯ ಪಾಲಿಕೆಗೆ ಕೂಡಿಸಿದಾಗ ಗ್ರೇಟರ್ ಹೈದರಾಬಾದಿನ ಭಾಗವಾಯಿತು.

ಇವತ್ತು ಅಲ್ಲಿ 60 ಲಕ್ಷದ ಫ್ಲ್ಯಾಟ್ ಕೊಳ್ಳುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. 2021ರ ಜುಲೈ 22ರಿಂದ ತೆಲಂಗಾಣದ ದರ ಹೀಗಿದೆ: ಮುದ್ರಾಂಕ ಶುಲ್ಕ 5.5%, ವರ್ಗಾವಣೆ ಸುಂಕ 1.5%, ನೋಂದಣಿ ಶುಲ್ಕ 0.5%. ಅಂದರೆ 3,30,000, 90,000, 30,000. ಒಟ್ಟು ನಾಲ್ಕೂವರೆ ಲಕ್ಷ. ಇದರಲ್ಲಿ ಸ್ಥಳೀಯ ಸಂಸ್ಥೆಯ ಹೆಸರಿನಲ್ಲಿರುವುದು ವರ್ಗಾವಣೆ ಸುಂಕದ 90,000 ಮಾತ್ರ.

ಅದೇ 60 ಲಕ್ಷದ ಫ್ಲ್ಯಾಟ್ ಬೆಂಗಳೂರಿನಲ್ಲಿ ಕೊಂಡರೆ? ಮುದ್ರಾಂಕ ಶುಲ್ಕ 5%, ಅಂದರೆ 3,00,000. ಆ ಶುಲ್ಕದ ಮೇಲೆ 10% ಸೆಸ್, 30,000. ಅದೇ ಶುಲ್ಕದ ಮೇಲೆ 2% ಸರ್ಚಾರ್ಜ್, 6,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2%, ಅಂದರೆ 1,20,000. ಒಟ್ಟು 4,56,000. ಕೊಳ್ಳುವವರ ಜೇಬಿನಿಂದ ಹೋಗುವ ಮೊತ್ತದಲ್ಲಿ ಎರಡು ನಗರಕ್ಕೂ ಹೆಚ್ಚು ಅಂತರವಿಲ್ಲ. ಆದರೆ ನಗರಾಡಳಿತಕ್ಕೆಂದೇ ಕಾನೂನು ತೆಗೆದಿಟ್ಟ ಪಾಲು ಅಲ್ಲಿ 90,000, ಇಲ್ಲಿ 6,000. ಎರಡು ಕಡೆಯೂ ದುಡ್ಡು ಮೊದಲು ಸೇರುವುದು ರಾಜ್ಯದ ಖಜಾನೆಯನ್ನೇ. ಪಾಲಿಕೆ ಅಲ್ಲಿಂದ ಕೇಳಿ ಪಡೆಯಬೇಕು.

ಇನ್ನು ವರ್ಷವರ್ಷದ ಮನೆ ಕಂದಾಯ. ಪಾಲಿಕೆ ತಾನೇ ಹಾಕಿ ತಾನೇ ವಸೂಲಿ ಮಾಡುವ ತೆರಿಗೆ ಅದು. ಆದರೆ ಕೊಳ್ಳುವ ದಿನ ನಾಲ್ಕು ಲಕ್ಷ ಕಟ್ಟಿದವನೂ ವರ್ಷಕ್ಕೆ ನಾಲ್ಕು ಸಾವಿರ ಹೆಚ್ಚಾದರೆ ಗಲಾಟೆ ಮಾಡುತ್ತಾನೆ, ಚುನಾವಣೆಯಲ್ಲಿ ಸೇಡು ತೀರಿಸಿಕೊಳ್ಳುತ್ತಾನೆ. 2016ರ ಪಾಲಿಕೆ ಚುನಾವಣೆಗೆ ಮುಂಚೆ ಹೈದರಾಬಾದಿನಲ್ಲಿ ವರ್ಷಕ್ಕೆ 1,200 ರೂಪಾಯಿ ತನಕ ಕಂದಾಯವಿದ್ದ ಮನೆಗಳಿಗೆ ಅದನ್ನು 101 ರೂಪಾಯಿಗೆ ಇಳಿಸಲಾಯಿತು. ಬಡವರಿಗೆ ಅನುಕೂಲವಾಯಿತು, ನಿಜ. ಆದರೆ ದಿನಾ ಬೆಳಗ್ಗೆ ಕಸ ಎತ್ತುವ ಖರ್ಚು ಇಳಿಯಲಿಲ್ಲ. ಹೀಗೆ ಭಾರವೆಲ್ಲ ಜಾರಿ ಜಾರಿ ಮಾರಾಟದ ಒಂದು ದಿನದ ಮೇಲೆ ಬಂದು ಕೂರುತ್ತದೆ. ಮಾರಾಟ ನಿಂತರೆ ಆದಾಯವೂ ನಿಲ್ಲುತ್ತದೆ. 2020ರ ಸೆಪ್ಟೆಂಬರಿನಿಂದ ಸುಮಾರು 3 ತಿಂಗಳು ತೆಲಂಗಾಣ ಸರ್ಕಾರ ಹೊಸ ಭೂದಾಖಲೆ ವ್ಯವಸ್ಥೆಗಾಗಿ ನೋಂದಣಿ ನಿಲ್ಲಿಸಿದಾಗ ಆದದ್ದು ಅದೇ. ಬೀದಿದೀಪ ಮಾತ್ರ ಆ 3 ತಿಂಗಳೂ ಉರಿಯಲೇಬೇಕಿತ್ತು. 2005ರಲ್ಲಿ ಶುರುವಾದ ಕೇಂದ್ರದ ನಗರ ನವೀಕರಣ ಯೋಜನೆ ರಾಜ್ಯಗಳಿಗೆ ಹಾಕಿದ ಷರತ್ತುಗಳಲ್ಲಿ, ಮುದ್ರಾಂಕ ಶುಲ್ಕವನ್ನು 5%ಕ್ಕೆ ಇಳಿಸಬೇಕು ಎಂಬುದೂ ಒಂದು. ತೆಲಂಗಾಣ 4%ಕ್ಕೆ ಇಟ್ಟುಕೊಂಡಿತ್ತು. ಕೊರೊನಾ ಕಳೆದು ದುಡ್ಡು ಬೇಕಾದಾಗ ಕೈ ಹೋದದ್ದು ಅದಕ್ಕೇ: 5.5%.

2017

ಅಬ್ದುಲ್ ಕರೀಂ ತೆಲಗಿಯ ಹೆಸರು ಕೇಳದ ಕನ್ನಡಿಗರಿಲ್ಲ. ಖಾನಾಪುರದ ಆ ಮನುಷ್ಯ ನಕಲಿ ಛಾಪಾ ಕಾಗದ ಮುದ್ರಿಸಿ ದೇಶಕ್ಕೆಲ್ಲ ಮಾರಿದ. 2001ರಲ್ಲಿ ಸಿಕ್ಕಿಬಿದ್ದು, 2017ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಸತ್ತ. ಅದೇ ವರ್ಷ ಮಿಯಾಪುರದಲ್ಲಿ ಬೆಳಕಿಗೆ ಬಂದ ಹಗರಣ ಇದರ ತದ್ವಿರುದ್ಧ. ತೆಲಗಿಯದು ನಿಜವಾದ ವ್ಯವಹಾರಕ್ಕೆ ಸುಳ್ಳು ಕಾಗದ. ಮಿಯಾಪುರದಲ್ಲಿ ಆರೋಪ ಬಂದದ್ದು ನಿಜವಾದ ಕಾಗದಕ್ಕೆ ಸುಳ್ಳು ವ್ಯವಹಾರ ಎಂದು.

ಸರ್ಕಾರಿ ದಾಖಲೆಯಲ್ಲಿದ್ದ 693 ಎಕರೆಯನ್ನು ಪಾಯಿಗಾ ವಾರಸುದಾರರ ಹಕ್ಕಿನ ಹೆಸರಿನಲ್ಲಿ ಖಾಸಗಿಯವರಿಗೆ ನೋಂದಣಿ ಮಾಡಿಕೊಡಲಾಗಿತ್ತು ಎಂಬುದು ಪ್ರಕರಣ. ಮುದ್ರಾಂಕ ಶುಲ್ಕವನ್ನೂ ಪಡೆಯದೆ ಬಿಟ್ಟದ್ದರಿಂದ ಸುಮಾರು 587 ಕೋಟಿ ರೂಪಾಯಿ ನಷ್ಟ ಎಂಬ ಲೆಕ್ಕ ಆಗ ಪತ್ರಿಕೆಗಳಲ್ಲಿ ಬಂತು. ಬಂಧನಗಳಾದವು, ಉಪನೋಂದಣಾಧಿಕಾರಿಗಳನ್ನು ಸಾರಾಸಗಟು ವರ್ಗ ಮಾಡಿದರು, ಯಾವ ಕಚೇರಿಯಲ್ಲಿ ಬೇಕಾದರೂ ನೋಂದಣಿ ಮಾಡಿಸಿಕೊಳ್ಳುವ ಅನುಕೂಲವನ್ನು ತೆಗೆದುಹಾಕುವ ತೀರ್ಮಾನವಾಯಿತು. ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಮಾತ್ರ, ಭೂಮಿ ಸರ್ಕಾರದ ಕೈಯಲ್ಲೇ ಇದೆ, ಸರ್ಕಾರಕ್ಕೆ ಒಂದು ರೂಪಾಯಿಯೂ ನಷ್ಟವಾಗಿಲ್ಲ ಎಂಬರ್ಥದ ಮಾತು ಹೇಳಿದರು.

ಈ ಎರಡು ಲೆಕ್ಕವನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಭೂಮಿ ಸರ್ಕಾರದ್ದಾದರೆ ಮಾರಾಟವೇ ಇಲ್ಲ. ಇಲ್ಲದ ಮಾರಾಟಕ್ಕೆ ಸುಂಕದ ನಷ್ಟ ಎಲ್ಲಿಂದ? ಸುಂಕ ನಷ್ಟವಾಯಿತು ಎಂದರೆ, ಪೂರ್ತಿ ಶುಲ್ಕ ಕಟ್ಟಿದ್ದರೆ ಆ ಪತ್ರ ಸರಿಯಾಗುತ್ತಿತ್ತೇ? ಸುಂಕ ಬೀಳುವುದು ಪತ್ರದ ಮೇಲೆ, ಹಕ್ಕಿನ ಮೇಲಲ್ಲ ಎಂಬ ಹಳೆಯ ತತ್ವ ಇಲ್ಲಿ ಬಂದು ತೊಡರುತ್ತದೆ. ಮಾರುವವನು ನಿಜವಾದ ಒಡೆಯನೇ ಎಂದು ತೀರ್ಮಾನಿಸುವುದು ನೋಂದಣಾಧಿಕಾರಿಯ ಕೆಲಸ ಎಂದು 1908ರ ನೋಂದಣಿ ಕಾಯ್ದೆ ಹೇಳುವುದಿಲ್ಲ. ಸರ್ಕಾರಿ ಭೂಮಿಯ ನೋಂದಣಿ ತಡೆಯಲು ಆಂಧ್ರ ಆಮೇಲೆ ಸೇರಿಸಿದ 22-ಎ ಕಲಮು ಇದೆ. ಅದು ನಡೆಯುವುದು ನಿಷೇಧಿತ ಭೂಮಿಯ ಪಟ್ಟಿ ಸರಿಯಾಗಿದ್ದು, ಅದನ್ನು ನೋಡುವವನು ನೋಡಿದರೆ ಮಾತ್ರ. ಕೊಂಡವನು ಲಕ್ಷಗಟ್ಟಲೆ ಕಟ್ಟಿದ್ದು ತನ್ನ ಹಕ್ಕಿನ ಖಾತರಿಗೆ ಎಂದುಕೊಂಡಿರುತ್ತಾನೆ. ಸರ್ಕಾರ ಕೊಟ್ಟದ್ದು ಛಾಪು.

ಅದೇ ವರ್ಷ ನವೆಂಬರ್ 28ರಂದು ಪ್ರಧಾನಿ ನರೇಂದ್ರ ಮೋದಿ ಮಿಯಾಪುರದಲ್ಲಿ ಮೆಟ್ರೋ ಉದ್ಘಾಟಿಸಿದರು. ಮೆಟ್ರೋ ಬಂದಲ್ಲಿ ಜಾಗದ ಬೆಲೆ ಏರುತ್ತದೆ. ಬೆಲೆ ಏರಿದರೆ ಸುಂಕವೂ ಏರುತ್ತದೆ. ಕಲ್ಕತ್ತದ 1911ರ ತರ್ಕ ಇಲ್ಲಿ ಅರ್ಧ ಮಾತ್ರ ನಿಜವಾಯಿತು. ಏರಿದ ಬೆಲೆಯ ಪಾಲು ಸರ್ಕಾರಕ್ಕೆ ಬಂತು. ಕೊಳ್ಳಲಾಗದವರು ಇನ್ನಷ್ಟು ದೂರ ಹೋದರು.

ದೂರ ಹೋಗಲು ಒಪ್ಪದವರೂ ಇದ್ದರು. 2024ರ ಜೂನಿನಲ್ಲಿ, ಮಿಯಾಪುರದ ಸರ್ಕಾರಿ ಭೂಮಿಯಲ್ಲಿ ಬಡವರಿಗೆ ಜಾಗ ಕೊಡುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿತು. ನೂರಾರು ಜನ, ಅವರಲ್ಲಿ ಬಹಳಷ್ಟು ಹೆಂಗಸರು, ಗುಡಿಸಲು ಹಾಕಲು ಬಂದರು. ಕಲ್ಲುತೂರಾಟ, ಲಾಠಿ, ಕೊನೆಗೆ ಆ ಪ್ರದೇಶಕ್ಕೆ 144ನೇ ಸೆಕ್ಷನ್ ಹಾಕಬೇಕಾಯಿತು. 7 ವರ್ಷ ಹಿಂದೆ ಹಗರಣ ಎಬ್ಬಿಸಿದ ಸರ್ವೆ ನಂಬರುಗಳ ಭೂಮಿಯೇ ಅದು. ಆಗ ಬಂದವರ ಕೈಯಲ್ಲಿ ನೋಂದಣಿಯಾದ ಪತ್ರಗಳಿದ್ದವು; ಈಗ ಬಂದವರ ಕೈಯಲ್ಲಿ ಕೋಲು, ಸೀರೆ, ಹಗ್ಗ.

ಅವರಲ್ಲಿ ಯಾರೂ ಮುದ್ರಾಂಕ ಶುಲ್ಕ ಕಟ್ಟಿದವರಲ್ಲ. ಆದರೆ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುವವರು, ಬೆಳಗ್ಗೆ ಬೀದಿ ಗುಡಿಸುವವರು, ಮೆಟ್ರೋ ಕಂಬಕ್ಕೆ ಸಿಮೆಂಟು ಹೊತ್ತವರು ಇರುವುದೂ ಇಂಥ ಗುಂಪುಗಳಲ್ಲೇ. ಊರಿನ ಬೆಲೆ ಏರಿಸಿದ್ದರಲ್ಲಿ ಇವರ ಪಾಲೂ ಇದೆ. ನಾಲ್ಕೂವರೆ ಲಕ್ಷದಲ್ಲಿ 90,000 ಊರಿಗೆ ಎಂದು ಕಾನೂನು ಬರೆದಿಟ್ಟಿದೆ. ಊರು ಎಂದರೆ ಯಾರು ಎಂದು ಅದು ಬರೆದಿಲ್ಲ. ಅದನ್ನು ಬರೆಯಲು ಪಹಣಿಯವನ ಹಾಗೆ ಯಾರಾದರೂ ಅಲ್ಲಿಗೆ ಹೋಗಿ, ಕಣ್ಣಾರೆ ನೋಡಿ ಬರಬೇಕು.