ಓಡುವ ಎತ್ತು, ಎಳೆಯುವ ಎತ್ತು

ಮಳೆ ಬಿದ್ದ ಎರೆಹೊಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕಲ್ಲಾಗಿ, ಮೊಳಕೈ ಇಳಿಯುವಷ್ಟು ಬಿರಿಯುತ್ತದೆ. ಜೇವರ್ಗಿ ಸೀಮೆಯ ಕೊಳಕೂರದ ಕಡೆಯಿಂದ ಅಫಜಲಪುರ, ಆಳಂದದವರೆಗೆ ಹಬ್ಬಿದ ಈ ಕರಿನೆಲದಲ್ಲಿ ಒಕ್ಕಲುತನ ಮಾಡುವವನು ಎತ್ತು ಕೊಳ್ಳಲು ಹೊರಟನೆಂದರೆ ಅವನ ಮುಂದೆ ಒಂದು ಹಳೆಯ ಪ್ರಶ್ನೆ ನಿಲ್ಲುತ್ತಿತ್ತು: ಓಡುವುದನ್ನು ತರಬೇಕೋ, ಎಳೆಯುವುದನ್ನು ತರಬೇಕೋ? ಇವತ್ತಿನ ಹುಡುಗರು ಎರಡು ಓಟದ ಕಾರುಗಳನ್ನು ಪಕ್ಕಪಕ್ಕಕ್ಕಿಟ್ಟು, ಡಿಕ್ಕಿ ಎಷ್ಟು ದೊಡ್ಡದು, ಹಿಂದಿನ ಸೀಟಿನಲ್ಲಿ ಕೂಸು ಕೂರುತ್ತದೆಯೋ ಎಂದು ಚರ್ಚಿಸುವುದಿದೆ. ಅದೇ ಚರ್ಚೆ ಇಲ್ಲಿ ನೂರಾರು ವರ್ಷ ದನದ ಸಂತೆಯಲ್ಲಿ ನಡೆದಿದೆ. ಅದರ ಚರಿತ್ರೆ ನೋಡಿದರೆ ನನಗೆ ಒಂದು ವಿಚಿತ್ರ ಕಾಣುತ್ತದೆ. ಉಪಯೋಗದ ಲೆಕ್ಕದಲ್ಲಿ ಗೆದ್ದ ಎತ್ತು ಇಂದು ಹುಡುಕಿದರೂ ಸಿಗುವುದು ಅಪರೂಪ. ಸೊಕ್ಕಿನದು, ಖರ್ಚಿನದು ಎಂದು ಬೈಸಿಕೊಂಡ ಎತ್ತು ಮಾತ್ರ ಅಂಗಳದಲ್ಲಿ ಉಳಿದಿದೆ.

ಈ ಮೂರು ತಾಲ್ಲೂಕುಗಳು ಇರುವ ಜಾಗವೇ ಹಾಗೆ, ಮೂರು ದಿಕ್ಕಿನಿಂದ ಮೂರು ತಳಿಗಳು ಬಂದು ಕೂಡುವ ಜಾಗ. ಆಳಂದದ ಉತ್ತರಕ್ಕೆ ಲಾತೂರ, ಬೀದರ ಕಡೆಯ ದೇವಣಿ. ಅಫಜಲಪುರದ ಪಡುವಣಕ್ಕೆ ಸೊಲ್ಲಾಪುರ ಸೀಮೆಯ ಖಿಲಾರಿ. ಜೇವರ್ಗಿಯಿಂದ ತೆಂಕಣಕ್ಕೆ ಇಳಿದರೆ ಕೃಷ್ಣಾ ತೀರದ ಭಾರೀ ಎತ್ತು. ಖಿಲಾರಿ ಮಹಾರಾಷ್ಟ್ರದ ಆಟಪಾಡಿ, ಮ್ಹಸವಡ ಕಡೆಯ ಹೆಸರು. ಖಿಲ್ಲಾರ ಎಂದರೆ ದನದ ಮಂದೆ, ಅದನ್ನು ಕಾಯುವವನು ಖಿಲಾರಿ. ಆದರೆ ಈ ಎತ್ತಿನ ರಕ್ತ ಮೈಸೂರು ಸೀಮೆಯ ಹಳ್ಳಿಕಾರದ ರಕ್ತ ಎಂಬುದು ಪಶುತಜ್ಞರ ಸಾಮಾನ್ಯ ಅಭಿಪ್ರಾಯ. ಅದೇ ಮೂಲದ ಅಮೃತಮಹಲ್ ಎತ್ತುಗಳನ್ನು ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಇಲಾಖೆ ಸಾಕಿತು, ಹೈದರ್ ಯುದ್ಧಕ್ಕೆ ಹೂಡಿದ, ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. ಚಿದಂಬರವನ್ನು ಉಳಿಸಿಕೊಳ್ಳಲು ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತೆಂದು ಬ್ರಿಟಿಷರೇ ಬೆರಗಿನಿಂದ ಬರೆದುಕೊಂಡಿದ್ದಾರೆ. ಅಂದರೆ ವೇಗವೆಂಬುದು ಮೊದಲು ಶೋಕಿಯಾಗಿರಲಿಲ್ಲ. ತೋಪು ಸಾಗಿಸುವವನಿಗೆ ಅದೇ ಉಪಯೋಗ. ರಸ್ತೆ, ರೈಲು ಬಂದ ಮೇಲಷ್ಟೇ ಅದು ಶೋಕಿಯಾಯಿತು. 1871ರಲ್ಲಿ ಮುಂಬಯಿ ಕಡೆಯ ರೈಲು ಕಲಬುರಗಿಯ ಮೇಲೆ ಹಾದು ರಾಯಚೂರು ಮುಟ್ಟಿದಾಗ, ದೂರದ ಊರಿಗೆ ಬೇಗ ಸಾಗಿಸುವ ಕೆಲಸ ಎತ್ತಿನ ಕೈತಪ್ಪಿತು. ಉಳಿದದ್ದು ಹೊಲ, ಹೊಲದಿಂದ ಸಂತೆ, ಸಂತೆಯಿಂದ ಸ್ಟೇಷನ್ನು.

ಹೊಲದ ಕೆಲಸಕ್ಕೆ ಬೇಕಾದ ಎತ್ತೇ ಬೇರೆ. ಕರಿಕೆ ಹತ್ತಿದ ಎರೆಯನ್ನು ಒಡೆಯಲು ಹಳೆಯ ಮರದ ನೇಗಿಲಿಗೆ ಆರು, ಎಂಟು ಎತ್ತು ಹೂಡುವುದಿತ್ತು; ಒಬ್ಬೊಬ್ಬರ ಮನೆಯಲ್ಲಿ ಅಷ್ಟು ಎತ್ತು ಎಲ್ಲಿಂದ ಬರಬೇಕು, ಹಾಗಾಗಿ ಮುಯ್ಯಿ ಲೆಕ್ಕದಲ್ಲಿ ನೆರೆಯವರ ಜೋಡಿಗಳನ್ನೂ ಕಟ್ಟುತ್ತಿದ್ದರು. ಈ ಕಷ್ಟಕ್ಕೆ ಉತ್ತರವಾಗಿ 19ನೇ ಶತಮಾನದ ಉತ್ತರಾರ್ಧದಲ್ಲಿ ಒಂದು ಎತ್ತನ್ನು ಬೇಕೆಂದೇ ಮಾಡಲಾಯಿತು. ಸಾಂಗ್ಲಿಯ ಅರಸರು ಮತ್ತು ಕೃಷ್ಣಾ ತೀರದ ದೊಡ್ಡ ಹಿಡುವಳಿದಾರರು ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಓಂಗೋಲ್ ಹೋರಿಗಳನ್ನು ತರಿಸಿ ಇಲ್ಲಿಯ ಆಕಳುಗಳಿಗೆ ಬಿಟ್ಟರು. ಹುಟ್ಟಿದ್ದು ಕೃಷ್ಣಾ ತಳಿ: ದಪ್ಪ ಕುತ್ತಿಗೆ, ಜೋತ ಗಂಗೆದೊಗಲು, ಗಿಡ್ಡನೆಯ ಗಟ್ಟಿ ಕಾಲು. ಓಡು ಎಂದರೆ ಓಡದು, ಎಳೆ ಎಂದರೆ ಸಂಜೆವರೆಗೆ ಎಳೆಯುತ್ತದೆ. ಗೊರಸನ್ನು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಖಿಲಾರಿಯ ಗೊರಸು ಸಣ್ಣದು, ಕಪ್ಪು, ಬಿಗಿ. ಲಾಳ ಹೊಡೆದರೆ ಗರಸಿನ ದಾರಿಯಲ್ಲಿ ಟಕಟಕ ಹೋಗುತ್ತದೆ. ಕೃಷ್ಣಾ ಎತ್ತಿನದು ಮೆತ್ತನೆಯದು, ಅಗಲ. ಕಲ್ಲಿನ ದಾರಿ ಅದಕ್ಕೆ ಆಗದು, ಎರೆ ಅದಕ್ಕೆ ತವರು. ಇದರ ಬೆನ್ನಿಗೇ ಕಬ್ಬಿಣದ ನೇಗಿಲೂ ಬಂತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ನೇಗಿಲನ್ನು ರೈತರು ಮೊದಮೊದಲು ಮುಟ್ಟಲಿಲ್ಲ, ಕಬ್ಬಿಣ ನೆಲಕ್ಕೆ ನಂಜು ಎಂದರು; 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟುವ ಹೊತ್ತಿಗೆ ಆ ಅಂಜಿಕೆ ಹೋಗಿತ್ತು. ಆಳವಾಗಿ ಇಳಿಯುವ ಈ ನೇಗಿಲಿಗೆ ತೂಕದ ಎತ್ತೇ ಬೇಕು. ಕೃಷ್ಣಾ ತಳಿಯ ಕೀರ್ತಿ ಎಲ್ಲಿಯವರೆಗೆ ಹೋಯಿತೆಂದರೆ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೆಳೆಸಿದ ಬ್ರಾಹ್ಮನ್ ದನದ ಮೂಲದಲ್ಲಿ ಗಿರ್, ಓಂಗೋಲ್ ಜೊತೆಗೆ ಇದರ ರಕ್ತವೂ ಇದೆ.

ಹಾಗಾದರೆ ಜೇವರ್ಗಿಯ ರೈತ ಯಾವುದನ್ನು ಕೊಂಡ? ಇಲ್ಲಿ ಪುಸ್ತಕದ ಹೋಲಿಕೆಗೂ ಸಂತೆಯ ಹೋಲಿಕೆಗೂ ಅಂತರವಿದೆ. ವಿಜಯಪುರದ ಸಿದ್ಧೇಶ್ವರ ಜಾತ್ರೆ, ಚಡಚಣದ ಸಂಗಮೇಶ್ವರ ಜಾತ್ರೆಯ ದನದ ಪೇಟೆಗಳಲ್ಲಿ ವ್ಯಾಪಾರ ಶುರುವಾಗುವುದು ಬಾಯಿಂದ. ತುಟಿ ಎತ್ತಿ ಹಲ್ಲು ಎಣಿಸಬೇಕು: ಎರಡು ಹಲ್ಲಿನದೋ, ನಾಲ್ಕರದೋ, ಆರರದೋ, ಬಾಯಿ ಕೂಡಿದ್ದೋ. ಆಮೇಲೆ ಸುಳಿ, ಆಮೇಲೆ ನಡಿಗೆ. ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ, ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಆ ಮರೆಯೊಳಗಿನ ಬೆರಳುಗಳು ಬೆಲೆಯ ಜೊತೆಗೆ ಕಣಿಕೆಯ ಬಣವೆಯನ್ನೂ ಲೆಕ್ಕ ಹಾಕುತ್ತಿದ್ದವು. ದೊಡ್ಡ ಎತ್ತಿಗೆ ದೊಡ್ಡ ಹೊಟ್ಟೆ. ಜೋಳದ ಕಣಿಕೆ, ತೊಗರಿ ಹೊಟ್ಟು, ಹತ್ತಿಕಾಳು ಇದ್ದವನಿಗೆ ಅದು ಉಪಯುಕ್ತ, ಇಲ್ಲದವನಿಗೆ ಸಾಲ. 1876–78ರ ಬರದಲ್ಲಿ, ಆಮೇಲೆ 1972ರ ಬರದಲ್ಲಿ, ಈ ಭಾಗದ ಕೊಟ್ಟಿಗೆಗಳು ಬರಿದಾದವು. ಅಂಥ ವರ್ಷದಲ್ಲಿ ಅರೆಹೊಟ್ಟೆಯಲ್ಲಿ ನಿಲ್ಲುವ ತೆಳು ಮೈಯ ಎತ್ತೇ ಜಾಣ ಆಯ್ಕೆ. ಒಂದೇ ಜೋಡಿ ಇಟ್ಟವನಿಗೆ ಅದೇ ಜೋಡಿ ರಂಟೆ ಹೊಡೆಯಬೇಕು, ಕೂರಿಗೆ ಎಳೆಯಬೇಕು, ಹಂತಿ ತುಳಿಯಬೇಕು, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯನ್ನೆಲ್ಲ ಚಕ್ಕಡಿಯಲ್ಲಿ ಹೊಲಕ್ಕೆ ಒಯ್ಯಬೇಕು. ಪೋರ್ಷೆ 911 ಎಂಬ ಜರ್ಮನ್ ಕಾರು 1964ರಲ್ಲಿ ಪೇಟೆಗೆ ಬಂದಾಗಿನಿಂದಲೂ ಹಿಂದೆ ಎರಡು ಪುಟ್ಟ ಸೀಟು ಇಟ್ಟುಕೊಂಡಿದೆ. ದೊಡ್ಡವರು ಅದರಲ್ಲಿ ಕೂರಲಾರರು, ಆದರೂ ಕೊಳ್ಳುವವನಿಗೆ ಮನೆಯಲ್ಲಿ ಹೇಳಲು ಒಂದು ಸಬೂಬು ಸಿಕ್ಕಿತು. ಖಿಲಾರಿ ಕೊಂಡವನ ಸಬೂಬೂ ಅಂಥದ್ದೇ: ಎಡೆ ಹೊಡೆಯಲು ಚುರುಕು, ಮೇವು ಕಮ್ಮಿ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವನ ಕಣ್ಣು ಕಾರಹುಣ್ಣಿಮೆಯ ಮೇಲೆ ಇರುತ್ತಿತ್ತು.

ಕಾರಹುಣ್ಣಿಮೆಯ ಸಂಜೆ ಅಗಸಿಯಲ್ಲಿ ಕಟ್ಟಿದ ಕರಿ ಎಂಬ ತೋರಣವನ್ನು ಯಾರ ಎತ್ತು ಮೊದಲು ಹರಿಯುತ್ತದೆ ಎಂಬುದನ್ನು ನೋಡಲು ಊರೇ ನೆರೆಯುತ್ತದೆ. ಗೆದ್ದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಕೈಹಿಡಿಯುತ್ತದೆ ಎಂದು ಹೇಳುವ ರೂಢಿ. ಬಿಳಿಯದು ಬಂದರೆ ಬಿಳಿಜೋಳ ಎಂಬಂತೆ. ಬಿತ್ತನೆಯ ಹೊಸ್ತಿಲಲ್ಲಿ, ಬೇಸಿಗೆಯ ವಿಶ್ರಾಂತಿ ಮುಗಿಸಿದ ಎತ್ತುಗಳನ್ನು ಊರ ಮುಂದೆ ಓಡಿಸಿ ನೋಡುವುದರಲ್ಲಿ ಒಂದು ಪರೀಕ್ಷೆಯೂ ಇತ್ತು: ಯಾವುದು ಕುಂಟುತ್ತದೆ, ಯಾವುದು ಬೆದರುತ್ತದೆ, ಯಾವುದು ದಮ್ಮು ಹಿಡಿಯುತ್ತದೆ ಎಂಬುದು ನಾಲ್ಕು ಜನರಿಗೆ ಗೊತ್ತಾಗುತ್ತಿತ್ತು. ಆಟ ಬೇರೆ, ಕೆಲಸ ಬೇರೆ ಎಂದು ಗೆರೆ ಎಳೆದದ್ದು ನಾವು, ಊರು ಎಳೆದಿರಲಿಲ್ಲ.

ಗೆರೆ ಎಳೆದದ್ದು, ಸರಿಯಾಗಿ ಹೇಳಬೇಕೆಂದರೆ, ಟ್ರ್ಯಾಕ್ಟರು. ಉಪಯೋಗವೇ ಮೊದಲು ಎಂದ ರೈತನಿಗೆ ಕೃಷ್ಣಾ ಎತ್ತಿಗಿಂತ ಉಪಯುಕ್ತವಾದದ್ದು ಸಿಕ್ಕ ದಿನ ಆ ಎತ್ತಿನ ಕತೆ ಮುಗಿಯಿತು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಬರುವ ಯಂತ್ರ ಹೊಲ ಹಸನು ಮಾಡಿ ಹೋಗುತ್ತದೆ. ವರ್ಷವಿಡೀ ಮೇವು ಕೇಳುವುದಿಲ್ಲ. ಕೃಷ್ಣಾ ಆಕಳು ಖಿಲಾರಿ ಆಕಳಿಗಿಂತ ಹೆಚ್ಚು ಹಾಲು ಕೊಡುತ್ತಿತ್ತು, ನಿಜ. ಆದರೆ ಆ ಹೆಚ್ಚೂ ಸಾಲಲಿಲ್ಲ. ಜರ್ಸಿ, ಎಚ್‌ಎಫ್ ಮಿಶ್ರತಳಿ ಬಂದ ಮೇಲೆ ಹಾಲಿನ ಲೆಕ್ಕದಲ್ಲೂ ಅದು ಸೋತಿತು. ಎರಡು ಕೆಲಸಕ್ಕೂ ಆಗುತ್ತದೆ ಎಂಬುದೇ ಅದರ ಗುಣವಾಗಿತ್ತು. ಎರಡೂ ಕೆಲಸಗಳಲ್ಲಿ ಅದಕ್ಕಿಂತ ಮೇಲಿನದು ಬಂದಾಗ ಅದನ್ನು ಇಟ್ಟುಕೊಳ್ಳಲು ಯಾರಿಗೂ ಕಾರಣ ಉಳಿಯಲಿಲ್ಲ. ಖಿಲಾರಿಗೆ ಈ ಲೆಕ್ಕವೇ ತಾಗಲಿಲ್ಲ. ಬಿಲ್ಲಿನಂತೆ ಬಾಗಿ ಹಿಂದಕ್ಕೆ ಸರಿದ ಕೊಂಬು, ತೆಕ್ಕೆಗೆ ಸಿಕ್ಕದ ಸಿಟ್ಟು, ಶರತ್ತಿನ ಚಕ್ಕಡಿಗೆ ಹೂಡಿದಾಗಿನ ಓಟ, ಇವನ್ನು ಕೊಡುವ ಯಂತ್ರ ಇನ್ನೂ ಬಂದಿಲ್ಲ. ಒಳ್ಳೆಯ ಓಟದ ಜೋಡಿಯ ಮಾತು ಇಂದು ಲಕ್ಷಗಳಲ್ಲಿ ನಡೆಯುತ್ತದೆ.

ಇದಕ್ಕೆ ದೇವಣಿಯನ್ನು ಮುಂದಿಟ್ಟು ಆಕ್ಷೇಪ ಎತ್ತಬಹುದು. ಕಪ್ಪು ಬಿಳುಪಿನ ಆ ದನವೂ ಹಾಲು, ದುಡಿಮೆ ಎರಡಕ್ಕೂ ಸಲ್ಲುವಂಥದ್ದು. ಓಟದ ಹುಚ್ಚು ಅದಕ್ಕಿಲ್ಲ. ಆದರೂ ಆಳಂದ, ಬೀದರ ಕಡೆ ಉಳಿದಿದೆಯಲ್ಲ? ಆಕ್ಷೇಪ ಗಟ್ಟಿಯಾದದ್ದೇ. ಆದರೆ ದೇವಣಿಗೆ ಒಂದು ಸ್ಥಿರವಾದ ರೂಪವಿತ್ತು, ಮೈಮೇಲಿನ ಕಪ್ಪು ಬಿಳುಪಿನ ಪ್ರಕಾರಕ್ಕೂ ಬೇರೆ ಬೇರೆ ಹೆಸರಿತ್ತು, ಬೀದರ ಜಿಲ್ಲೆಯ ಹಳ್ಳಿಖೇಡದ ಸರಕಾರಿ ಕೇಂದ್ರದ ಆಸರೆಯೂ ಸಿಕ್ಕಿತು. ಕೃಷ್ಣಾ ತಳಿ ನಿನ್ನೆ ಮೊನ್ನೆಯ ಬೆರಕೆ. ಅದರ ಗುರುತು ಗಟ್ಟಿಯಾಗುವ ಮೊದಲೇ ಕಾಲ ಬದಲಾಯಿತು. ಇನ್ನೊಂದು ಮಾತು: ಶಕ್ತಿಗೂ ಆಟಗಳಿದ್ದವು. ಬಾಗಲಕೋಟೆ ಕಡೆ ತೆರೆಬಂಡಿ, ರಾಯಚೂರಿನ ಮುಂಗಾರು ಹಬ್ಬದಲ್ಲಿ ಟನ್ನುಗಟ್ಟಲೆ ಭಾರದ ಕಲ್ಲು ಎಳೆಸುವ ಸ್ಪರ್ಧೆ. ಆ ಕಲ್ಲಿನ ಮುಂದೆ ಹೂಡುವ ಜೋಡಿಗಳಲ್ಲಿ ಆಂಧ್ರದ ಓಂಗೋಲ್ ಎತ್ತುಗಳದೇ ಮೆರೆದಾಟ, ಮತ್ತು ಅಭಿಮಾನದಿಂದ ಸಾಕುವವರು ಆ ತಳಿಗೆ ಇನ್ನೂ ಇದ್ದಾರೆ. ಆಟ ಹತ್ತಿದ ಭಾರದ ಎತ್ತು ಉಳಿಯಿತು, ಆಟ ಹತ್ತದ ಭಾರದ ಎತ್ತು ಅಳಿವಿನಂಚಿಗೆ ಸರಿಯಿತು. ನನ್ನ ವಾದಕ್ಕೆ ಇದು ಎದುರಲ್ಲ, ಊರುಗೋಲು.

ಆಟವೆಂದರೆ ಹಿಂಸೆ ಎಂಬ ಮಾತನ್ನು ಹಗುರವಾಗಿ ತಳ್ಳಲಾಗದು. ಬಾರಕೋಲಿನ ತುದಿಗೆ ಮೊಳೆ, ಬಾಲದ ಬುಡಕ್ಕೆ ಹಲ್ಲು, ಇವು ಕಟ್ಟುಕತೆಯಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ತಡೆದದ್ದು ಇಂಥ ಸಾಕ್ಷ್ಯದ ಮೇಲೆ. ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ತಳಿ ಉಳಿಯಲು ಓಟ ಬೇಕು ಎಂದು ಓಟದ ಪರವಾಗಿದ್ದವರು ವಾದಿಸಿದ್ದರು. ಆ ವಾದದಲ್ಲಿ ಅರ್ಧ ಸತ್ಯವಿದೆ, ಖಿಲಾರಿಯೇ ಸಾಕ್ಷಿ. ಆದರೆ ಓಟಕ್ಕೆ ಬೇಕಾದದ್ದು ಹೋರಿ. ಹಾಲು ಕರುವಿಗೇ ಸಾಲುವಷ್ಟು ಕೊಡುವ, ನೊಗಕ್ಕೂ ಬಾರದ ಖಿಲಾರಿ ಆಕಳಿಗೆ ಶರತ್ತಿನ ಕಣದಲ್ಲಿ ಜಾಗವಿಲ್ಲ, ಡೈರಿಯ ಸರತಿಯಲ್ಲೂ ಇಲ್ಲ. ಬಾದಾಮಿ ತಿನ್ನಿಸಿ ಹೋರಿ ಸಾಕುವ ಮನೆಯಲ್ಲಿ ಅದನ್ನು ಹೆತ್ತ ಆಕಳು ಇರುವುದು ಅಪರೂಪ. ಅದು ಬೇರೆ ಯಾವುದೋ ಬಡವನ ಕೊಟ್ಟಿಗೆಯಲ್ಲಿ, ಮುಂದಿನ ಕರು ಗಂಡಾಗಲಿ ಎಂಬ ಆಸೆಯ ಮೇಲೆ ಕಣಿಕೆ ತಿನ್ನುತ್ತಿರುತ್ತದೆ.