ರೈಲ್ವೆ ನಿರ್ಮಾಣದಲ್ಲಿ ಲೀನ್ ಪದ್ಧತಿ: ಕೊಲ್ಹಾಪುರ ಪ್ರಾಂತದ ದೃಷ್ಟಿಯಿಂದ

ಹೊಸ ಮಾರ್ಗದ ರಚನೆ, ಜೋಡಿ ಹಳಿ, ಗೇಜ್ ಪರಿವರ್ತನೆ, ವಿದ್ಯುದೀಕರಣ ಮೊದಲಾದ ರೈಲ್ವೆ ಕಾಮಗಾರಿಗಳಲ್ಲಿ ಕಾಲವೂ ಶ್ರಮವೂ ಸಾಮಗ್ರಿಯೂ ನಿಷ್ಫಲವಾಗಿ ವ್ಯಯವಾಗತಕ್ಕ ಎಡೆಗಳನ್ನು ಗುರುತಿಸಿ ನಿವಾರಿಸುವ, ಮತ್ತು ಒಂದು ತಂಡ ಮುಗಿಸಿದ ಕೆಲಸ ಮುಂದಿನ ತಂಡದ ಕೈಗೆ ತಡೆಯಿಲ್ಲದೆ ಸೇರುವಂತೆ ಯೋಜಿಸುವ ಕ್ರಮಕ್ಕೆ ಲೀನ್ ಪದ್ಧತಿಯೆಂದು ಹೆಸರು. ದುಂದನ್ನು ತಗ್ಗಿಸುವುದು ಇದರ ಬಾಹ್ಯ ಲಕ್ಷಣವಷ್ಟೆ. ಕೊಟ್ಟ ಮಾತು ನಡೆಯುವಂತಹ ಸನ್ನಿವೇಶವನ್ನು ಮುಂಚಿತವಾಗಿ ಸಿದ್ಧಗೊಳಿಸುವುದೇ ಇದರ ಸಾರ.

ಈ ಪದ್ಧತಿಯ ಮೂಲವನ್ನು ಅರಸುತ್ತ ಹೊರಟರೆ ನಾವು ಮಗ್ಗದ ಬಳಿಗೆ ಬರುತ್ತೇವೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಹಾಸಿನ ಎಳೆ ಹರಿದೊಡನೆ ತಾನಾಗಿಯೇ ನಿಲ್ಲುತ್ತಿದ್ದುದರಿಂದ, ದೋಷವುಳ್ಳ ಬಟ್ಟೆ ಗಜಗಟ್ಟಲೆ ನೇಯ್ದುಹೋಗುವ ನಷ್ಟ ತಪ್ಪಿತು. ಅವನ ಮನೆತನ ಮುಂದೆ ಸ್ಥಾಪಿಸಿದ ಮೋಟಾರು ಸಂಸ್ಥೆಯಲ್ಲಿ ತೈಚಿ ಓನೊ ಎಂಬ ತಂತ್ರಜ್ಞನು ಈ ತತ್ತ್ವಕ್ಕೆ, ಬೇಕಾದ ಬಿಡಿಭಾಗ ಬೇಕಾದ ಹೊತ್ತಿಗೆ ಬೇಕಾದಷ್ಟೇ ಒದಗಬೇಕೆಂಬ ಇನ್ನೊಂದು ನಿಯಮವನ್ನು ಕೂಡಿಸಿದನು. 1904ರಷ್ಟು ಹಿಂದೆಯೇ ಪವರ್‌ಲೂಮಿನ ಸದ್ದು ಕೇಳಿದ, ಕೊಲ್ಹಾಪುರ ಪ್ರಾಂತದ ಇಚಲಕರಂಜಿಯ ನೇಕಾರನಿಗೆ, ಹರಿದ ಎಳೆಯನ್ನು ಗಮನಿಸದೆ ನೇಯ್ದರೆ ಏನಾಗುವುದೆಂದು ಯಾರೂ ಬೋಧಿಸಬೇಕಾಗಿಲ್ಲ.

ಕಾರ್ಖಾನೆಯ ಈ ವಿಚಾರ ನಿರ್ಮಾಣ ಕ್ಷೇತ್ರಕ್ಕೆ ಪ್ರವೇಶಿಸಿದ್ದು, 1992ರಲ್ಲಿ ಫಿನ್‌ಲೆಂಡಿನ ಲೌರಿ ಕೊಸ್ಕೆಲಾ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದ ವರದಿಯಿಂದ. ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೋವೆಲ್ ಎಂಬವರು ಕಾಮಗಾರಿಗಳನ್ನು ಪರಿಶೀಲಿಸಿ, ವಾರದ ಆರಂಭದಲ್ಲಿ ಒಪ್ಪಿಕೊಂಡ ಕೆಲಸಗಳಲ್ಲಿ ಸರಿಸುಮಾರು ಅರ್ಧದಷ್ಟು ಮಾತ್ರ ವಾರಾಂತ್ಯಕ್ಕೆ ಮುಗಿಯುತ್ತವೆಂದು ಕಂಡುಕೊಂಡರು. ಆದುದರಿಂದ ಕೆಲಸವನ್ನು ಕೈಯಾರೆ ನಡೆಸತಕ್ಕ ಮೇಸ್ತ್ರಿ, ಸೂಪರ್‌ವೈಸರುಗಳೇ ಕುಳಿತು ವಾರದ ಯೋಜನೆ ಹಾಕಬೇಕು, ನಕ್ಷೆ, ಸಾಮಗ್ರಿ, ಅನುಮತಿ, ಜನ ಇವೆಲ್ಲ ಸಿದ್ಧವಿಲ್ಲದ ಕೆಲಸವನ್ನು ಯಾರೂ ಒಪ್ಪಿಕೊಳ್ಳಬಾರದು, ಮುಗಿಯದೆ ಉಳಿದುದರ ಕಾರಣವನ್ನು ಬರೆದಿಡಬೇಕು ಎಂಬ ವಿಧಾನವನ್ನು ಅವರು ರೂಪಿಸಿದರು.

ಕೊಲ್ಹಾಪುರ ಪ್ರಾಂತಕ್ಕೆ ಈ ವಿಷಯ ಅತ್ಯಂತ ಪ್ರಸ್ತುತವಾದುದು. ಸಂಸ್ಥಾನದ ವೆಚ್ಚದಲ್ಲಿ ನಿರ್ಮಿತವಾದ, ಸುಮಾರು 47 ಕಿ.ಮೀ. ಉದ್ದದ ಮಿರಜ–ಕೊಲ್ಹಾಪುರ ಮಾರ್ಗವು 1891ರಲ್ಲಿ ಸಂಚಾರಕ್ಕೆ ತೆರೆಯಿತು. ಮೀಟರ್ ಗೇಜಾಗಿದ್ದ ಅದು 1971ರಲ್ಲಿ ಬ್ರಾಡ್ ಗೇಜಾಗಿ ಪರಿವರ್ತನೆಗೊಂಡಿತು. ಅಂಕಲಿಯ ಬಳಿ ಕೃಷ್ಣೆಯನ್ನೂ ರುಕಡಿಯ ಬಳಿ ಪಂಚಗಂಗೆಯನ್ನೂ ದಾಟುವ ಈ ಹಾದಿಯ ಸುತ್ತಲಿನ ಬಯಲು ಬಹುಪಾಲು ಕಪ್ಪು ಎರೆಯ ನೆಲ. ನೀರು ಕುಡಿದರೆ ಉಬ್ಬುವ, ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ಏರಿ ಕಟ್ಟುವಾಗ ಹೊರಗಿನಿಂದ ಒಳ್ಳೆಯ ಮಣ್ಣು ತಂದು, ಪದರುಪದರಾಗಿ ಹರಡಿ, ಪ್ರತಿ ಪದರಕ್ಕೂ ರೋಲರ್ ಓಡಿಸಿ, ಗಟ್ಟಿತನವನ್ನು ಪರೀಕ್ಷಿಸಿದ ನಂತರವೇ ಮೇಲಿನ ಪದರಕ್ಕೆ ಕೈಹಾಕಬೇಕಾಗುತ್ತದೆ. ಒಂದು ಪದರದ ದೋಷವನ್ನು ಮುಚ್ಚಿಟ್ಟು ಮುಂದುವರಿದರೆ, ವರ್ಷಗಳ ತರುವಾಯ ಅದು ಹಳಿಯ ಕುಸಿತವಾಗಿ ತಲೆಯೆತ್ತುತ್ತದೆ. ಟೊಯೊಡಾನ ಮಗ್ಗದ ನಿಯಮ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಇದಲ್ಲದೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮಣ್ಣಿನ ಕೆಲಸ ಬಹುಮಟ್ಟಿಗೆ ನಿಲ್ಲುವುದರಿಂದ, ಭೂಸ್ವಾಧೀನ ಒಂದು ತಿಂಗಳು ತಡವಾದರೆ ಕೆಲಸ ಒಂದು ತಿಂಗಳಲ್ಲ, ಒಂದು ಋತುವೇ ಹಿಂದೆ ಬೀಳುತ್ತದೆ.

ಓಡುವ ಮಾರ್ಗದ ಪಕ್ಕದಲ್ಲಿ ಕೆಲಸ ಮಾಡುವಾಗ ಕಾಲದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಪುಣೆ–ಮಿರಜ ಮತ್ತು ಮಿರಜ–ಲೋಂಡಾ ಜೋಡಿ ಹಳಿಯಂತಹ ಕಾಮಗಾರಿಗಳಲ್ಲಿ ಹಳೆಯ ಹಳಿಗೆ ಹೊಸದನ್ನು ಸೇರಿಸಬೇಕಾದರೆ ಗಾಡಿಗಳನ್ನು ತಡೆದು 'ಬ್ಲಾಕ್' ಪಡೆಯಬೇಕು. ಮೂರು ಗಂಟೆಯ ಬ್ಲಾಕ್ ಎಂದಿಟ್ಟುಕೊಂಡರೆ, ಹಿಂದಿನ ಗಾಡಿ ತಡವಾಗಿ ದಾಟಿದ್ದರಿಂದ ಅರ್ಧ ಗಂಟೆ, ಯಂತ್ರವು ಸ್ಟೇಷನ್ನಿನಿಂದ ಸ್ಥಳಕ್ಕೆ ಬರುವಷ್ಟರಲ್ಲಿ ಮತ್ತರ್ಧ ಗಂಟೆ ಕಳೆದು, ಕಡೆಯಲ್ಲಿ ಮಾರ್ಗವನ್ನು ಸುರಕ್ಷಿತವೆಂದು ಒಪ್ಪಿಸುವ ಹೊತ್ತನ್ನೂ ಬಿಟ್ಟರೆ, ನಿಜವಾದ ಕೆಲಸಕ್ಕೆ ಉಳಿಯುವುದು ಸ್ವಲ್ಪವೇ. ಆ ವೇಳೆಗೆ ಫಿಟಿಂಗುಗಳ ಒಂದು ಚೀಲ ಬಂದಿಲ್ಲವೆಂದು ಗ್ಯಾಂಗು ಕೈಕಟ್ಟಿ ನಿಂತರೆ, ತಡೆಹಿಡಿದ ಗಾಡಿಗಳ ಪ್ರಯಾಣಿಕರೆಲ್ಲರ ಸಮಯವನ್ನೂ ಆ ಚೀಲ ನುಂಗಿದಂತೆಯೇ. ಪ್ರತಿ ಕಿಲೋಮೀಟರಿಗೆ 1,660 ಕಾಂಕ್ರೀಟ್ ಸ್ಲೀಪರುಗಳು ಬೇಕಾಗುವ ಕೆಲಸವಿದು; ಒಂದೊಂದೂ ಕಾಲು ಟನ್ನಿಗಿಂತ ಭಾರ. ಅವನ್ನು ತಂದು ಎಲ್ಲೋ ರಾಶಿ ಹಾಕಿ, ಮತ್ತೆ ಎತ್ತಿ ಇನ್ನೊಂದೆಡೆಗೆ ಸಾಗಿಸುವುದು ನಮ್ಮ ಕಾಮಗಾರಿಗಳಲ್ಲಿ ಯಾರ ಕಣ್ಣಿಗೂ ಬೀಳದ ದುಂದು. ಲೆಕ್ಕದ ಪುಸ್ತಕದಲ್ಲಿ ಅದು ದುಡಿಮೆಯೆಂದೇ ದಾಖಲಾಗುವುದು ವಿಷಾದಕರ.

ರೈಲುಮಾರ್ಗ ಉದ್ದಕ್ಕೆ ಚಾಚಿದ ನಿರ್ಮಾಣವಾದ್ದರಿಂದ ಅಡ್ಡಗೆರೆಯಲ್ಲಿ ಕಿಲೋಮೀಟರುಗಳನ್ನೂ ಲಂಬಗೆರೆಯಲ್ಲಿ ವಾರಗಳನ್ನೂ ಗುರುತಿಸಿದ ನಕ್ಷೆ ಇಲ್ಲಿ ಬಹೂಪಯೋಗಿ. ಮಣ್ಣು, ಸೇತುವೆ, ಜಲ್ಲಿ, ಹಳಿ, ವಿದ್ಯುತ್ ತಂತಿ ಒಂದೊಂದಕ್ಕೂ ಒಂದೊಂದು ಓರೆಗೆರೆ. ಎರಡು ಗೆರೆಗಳು ಕೂಡಿಕೊಂಡಲ್ಲಿ ಎರಡು ತಂಡಗಳು ಒಂದೇ ಸ್ಥಳದಲ್ಲಿ ಡಿಕ್ಕಿಯಾಗುತ್ತವೆಂದೂ, ಬಹಳ ಅಗಲಿದಲ್ಲಿ ಮುಗಿದ ಏರಿ ಹಳಿಗಾಗಿ ಕಾಯುತ್ತ ಮಳೆಗೆ ಕೊರೆದುಹೋಗುತ್ತದೆಂದೂ ಅರ್ಥ.

ಹಾತಕಣಂಗಲೆಯಿಂದ ಇಚಲಕರಂಜಿಗೆ ಪ್ರಸ್ತಾಪಿತವಾದ ಕಿರುಮಾರ್ಗಕ್ಕೂ, ಸಹ್ಯಾದ್ರಿಯನ್ನಿಳಿದು ಕೊಂಕಣ ರೈಲ್ವೆಯ ವೈಭವವಾಡಿಯನ್ನು ಸೇರಬೇಕಾದ, ನೂರು ಕಿ.ಮೀ. ಮೀರಿದ ಕೊಲ್ಹಾಪುರ ಮಾರ್ಗಕ್ಕೂ ಈ ಪದ್ಧತಿಯಿಂದ ಪ್ರಯೋಜನವುಂಟು. ಆದರೆ ಮಂಜೂರಾತಿ, ಹಣ, ಭೂಮಿ ಇವುಗಳ ವಿಳಂಬವನ್ನು ಮೇಸ್ತ್ರಿಗಳ ವಾರದ ಸಭೆ ಬಗೆಹರಿಸಲಾರದು. ಹಿರಣ್ಯಕೇಶಿಯ ದಡದ ಗಡಹಿಂಗ್ಲಜಿಗೆ ರೈಲು ಇನ್ನೂ ಬಂದಿಲ್ಲ. ಕನ್ನಡ ಮರಾಠಿಗಳೆರಡೂ ಸಂತೆಯಲ್ಲಿ ಕೇಳಿಬರುವ ಆ ಸೀಮೆಯಲ್ಲಿ ಮುಂದೆ ಮಾರ್ಗವನ್ನು ಆಲೋಚಿಸುವವರು, ಒಂದೇ ಹಾದಿಗೆ ಮೊದಲೇ ಕಟ್ಟುಬೀಳದೆ ಎರಡು ಮೂರು ಹಾದಿಗಳ ಮಣ್ಣು, ನೆರೆಮಟ್ಟ, ಹೊಲಗಳ ಒಡೆತನಗಳನ್ನು ಜತೆಜತೆಗೆ ಪರೀಕ್ಷಿಸುತ್ತ ಹೋಗುವುದು ಲೀನ್ ಪದ್ಧತಿಗೆ ಸಮ್ಮತವಾದ ಆರಂಭ.